ಅಲಂಕಾರ ಇಳಿಸಿ, ಅಕ್ಷರ ಉಳಿಸಿ

ಕಳೆದ ಮಳೆಗಾಲದಲ್ಲಿ ಸಾಗರದಿಂದ ಭಾವ ಫೋನ್ ಮಾಡಿದ್ದರು. ‘ಕಂಪ್ಯೂಟರ್ ಚುರುಕೇನೋ ಆಯ್ತು ಮಾರಾಯ, ಆದ್ರೆ ಈಗ ಒಂದಕ್ಷರಾನೂ ನೆಟ್ಟಗೆ ಕಾಣ್ತಿಲ್ಲ’ ಅಂದರು. ಯಾವುದೋ ವಿಡಿಯೊ ನೋಡಿ ಪರದೆಯ ಅಲಂಕಾರವನ್ನೆಲ್ಲ ಒಂದೇ ಬಟನ್‌ನಲ್ಲಿ ತೆಗೆದುಹಾಕಿದ್ದರು. ಅದರ ಜೊತೆಗೆ ಅಕ್ಷರದ ನುಣುಪೂ ಹೋಗಿತ್ತು. ಇದೇ ತಪ್ಪನ್ನು ಶಿವಮೊಗ್ಗದಲ್ಲಿ ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲೂ ನೋಡಿದೆ, ಪಕ್ಕದ ಮನೆಯ ಹುಡುಗಿಯ ಲ್ಯಾಪ್‌ಟಾಪ್‌ನಲ್ಲೂ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ವಿಂಡೋಸ್ 10 ಮತ್ತು 11 ಎರಡಕ್ಕೂ ಇದು ಹೊಂದುತ್ತದೆ.

ಶುರು ಮಾಡುವ ಮೊದಲು ಈಗಿರುವ ಪರದೆಯ ಒಂದು ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಎಲ್ಲಿ ಏನಿತ್ತು ಅಂತ ಆಮೇಲೆ ನೆನಪಾಗುವುದಿಲ್ಲ.

ಮೊದಲು ವಾಲ್‌ಪೇಪರ್. ಭಾವನ ಪರದೆಯ ತುಂಬ ಜೋಗ ಜಲಪಾತ ಇತ್ತು, ಆಗಸ್ಟ್ ತಿಂಗಳ ತುಂಬು ಜೋಗ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಬೆಳ್ಳಗೆ ಸುರಿಯುತ್ತಿರುವ ಚಿತ್ರ. ಚಿತ್ರವೇನೋ ಚೆನ್ನಾಗಿದೆ. ಆದರೆ ಫೋಟೊ ಮೇಲೆ ಐಕಾನ್‌ಗಳ ಹೆಸರು ಸಾಮಾನ್ಯವಾಗಿ ಬಿಳಿ ಅಕ್ಷರದಲ್ಲಿ ಬರುತ್ತವೆ, ಅಲ್ವಾ? ‘ತೋಟದ ಖರ್ಚು’ ಅನ್ನುವ ಫೋಲ್ಡರ್ ಸರಿಯಾಗಿ ರಾಣಿಯ ನೊರೆಯ ಮೇಲೆ ಕೂತಿತ್ತು. ‘ತೋ’ ಮಾತ್ರ ಕಾಣುತ್ತಿತ್ತು, ಉಳಿದದ್ದು ನೀರಿನಲ್ಲಿ ಕರಗಿಹೋಗಿತ್ತು. ಅಡಿಕೆ ತೋಟದ ಫೋಟೊ ಹಾಕಿದರೂ ಇದೇ ಕಷ್ಟ. ಮರಗಳ ಉದ್ದುದ್ದ ಗೆರೆಗಳ ನಡುವೆ ಕಣ್ಣು ಹೆಸರು ಹುಡುಕುತ್ತಲೇ ಇರುತ್ತದೆ. ಪರದೆಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಪರ್ಸನಲೈಸೇಷನ್‌ಗೆ ಹೋಗಿ, ಬ್ಯಾಕ್‌ಗ್ರೌಂಡ್‌ನಲ್ಲಿ ಸಾಲಿಡ್ ಕಲರ್ ಆರಿಸಿ, ಕಡುನೀಲಿಯನ್ನೋ ಕಡುಹಸಿರನ್ನೋ ಹಾಕಿ. ನನ್ನ ಮಟ್ಟಿಗೆ ಕೆಲಸದ ಕಂಪ್ಯೂಟರ್‌ಗೆ ಫೋಟೊ ಬೇಡವೇ ಬೇಡ. ಓಡಾಡುವ ಮೀನು, ಸುರಿಯುವ ಮಳೆ ತೋರಿಸುವ ಲೈವ್ ವಾಲ್‌ಪೇಪರ್ ಹಾಕಿಕೊಂಡಿದ್ದರೆ ಅದನ್ನು ಇವತ್ತೇ ಅನ್‌ಇನ್‌ಸ್ಟಾಲ್ ಮಾಡಿ. ಅದು ಬ್ಯಾಟರಿಯನ್ನೂ ತಿನ್ನುತ್ತದೆ, ಕಣ್ಣನ್ನೂ ಎಳೆಯುತ್ತದೆ.

ಆಮೇಲೆ ಐಕಾನ್. ಎಡಗಡೆ ಕೆಳಮೂಲೆಯಲ್ಲಿ ಪುಟ್ಟ ಬಾಣದ ಗುರುತು ಇದ್ದರೆ ಅದು ಶಾರ್ಟ್‌ಕಟ್, ಅಳಿಸಿದರೆ ಏನೂ ಆಗುವುದಿಲ್ಲ. ಬಾಣ ಇಲ್ಲದಿದ್ದರೆ ಅದು ನಿಮ್ಮ ನಿಜವಾದ ಫೈಲು ಇರಬಹುದು. ಬಾಣ ನೋಡದೆ ಡಿಲೀಟ್ ಒತ್ತಬೇಡಿ. ಉಳಿದ ಫೈಲುಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ, ದಿನಾ ಬೇಕಾದ ಐದಾರನ್ನು ಮಾತ್ರ ಹೊರಗಿಡಿ. ಅವು ಚಿಕ್ಕದಾಗಿ ಕಂಡರೆ ಕಂಟ್ರೋಲ್ ಕೀ ಹಿಡಿದು ಮೌಸಿನ ಚಕ್ರ ತಿರುಗಿಸಿ, ದೊಡ್ಡದಾಗುತ್ತವೆ.

ಮೂರನೆಯದು ಹವಾಮಾನ, ಸುದ್ದಿ, ಹಿಂದಿನದು ಮಸುಕಾಗಿ ಕಾಣುವ ಗಾಜಿನಂಥ ಮೆನು. ಪರದೆಯ ಕೆಳಗಿನ ಪಟ್ಟಿ, ಅಂದರೆ ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ವಿಜೆಟ್ಸ್ ಆಫ್ ಮಾಡಿ. ವಿಂಡೋಸ್ 10ರಲ್ಲಿ ಅದೇ ರೈಟ್ ಕ್ಲಿಕ್ ಮೆನುವಿನಲ್ಲಿ ನ್ಯೂಸ್ ಆ್ಯಂಡ್ ಇಂಟರೆಸ್ಟ್ಸ್ ಅಂತ ಇರುತ್ತದೆ. ಮಳೆ ಬರುತ್ತಿದೆ ಅಂತ ತಿಳಿಯಲು ಮಲೆನಾಡಿನಲ್ಲಿ ಕಿಟಕಿಯೇ ಸಾಕು. ಆಮೇಲೆ ಪರ್ಸನಲೈಸೇಷನ್‌ನ ಕಲರ್ಸ್‌ಗೆ ಹೋಗಿ ಟ್ರಾನ್ಸ್‌ಪರೆನ್ಸಿ ಎಫೆಕ್ಟ್ಸ್ ಆಫ್ ಮಾಡಿ. ಈ ಗಾಜಿನ ಅಲಂಕಾರ ಜನರ ಕೈಗೆ ಬಂದದ್ದು 2007ರಲ್ಲಿ, ವಿಂಡೋಸ್ ವಿಸ್ತಾ ಜೊತೆ. ಅದರ ಜೊತೆಗೇ ಗಡಿಯಾರ, ಕ್ಯಾಲೆಂಡರ್‌ಗಳ ಗ್ಯಾಜೆಟ್‌ಗಳೂ ಬಂದವು. ಅವುಗಳಿಂದ ಕಂಪ್ಯೂಟರ್‌ಗೆ ಅಪಾಯ ಇದೆ, ಬಂದ್ ಮಾಡಿ ಅಂತ 2012ರಲ್ಲಿ ಮೈಕ್ರೋಸಾಫ್ಟೇ ಹೇಳಬೇಕಾಯಿತು. ಅದೇ ವರ್ಷ ಬಂದ ವಿಂಡೋಸ್ 8ರಲ್ಲಿ ಗಾಜನ್ನು ತೆಗೆದರು. ಈಗ ಹೊಸ ರೂಪದಲ್ಲಿ ಎರಡೂ ವಾಪಸ್ ಬಂದಿವೆ. ಕರೆಂಟ್ ಹೋಗಿ ಬ್ಯಾಟರಿ ಸೇವರ್ ಆನ್ ಆದರೆ ವಿಂಡೋಸ್ ತಾನೇ ಗಾಜನ್ನು ಬಿಟ್ಟು ಸಾದಾ ಬಣ್ಣ ತೋರಿಸುತ್ತದೆ. ಅಂದಮೇಲೆ ಕರೆಂಟ್ ಇದ್ದಾಗಲೂ ಅದಿಲ್ಲದೆ ಕೆಲಸ ನಡೆಯುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಇಲ್ಲಿ ನಿಧಾನವಾಗಿ ಬನ್ನಿ.

ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಎಸ್, ವೈ, ಎಸ್, ಡಿ, ಎಂ ಟೈಪ್ ಮಾಡಿ, ಒಂದು ಚುಕ್ಕೆ ಇಟ್ಟು, ಸಿ, ಪಿ, ಎಲ್ ಟೈಪ್ ಮಾಡಿ ಎಂಟರ್ ಒತ್ತಿ. ನಡುವೆ ಜಾಗ ಬಿಡಬೇಡಿ. ಅಡ್ವಾನ್ಸ್‌ಡ್ ಅನ್ನುವ ಟ್ಯಾಬ್‌ಗೆ ಹೋದರೆ ಪರ್ಫಾರ್ಮೆನ್ಸ್ ಅಂತ ಇರುತ್ತದೆ, ಅದರ ಸೆಟ್ಟಿಂಗ್ಸ್ ಒತ್ತಿ. ಮೇಲೆ ನಾಲ್ಕು ಆಯ್ಕೆ, ಕೆಳಗೆ 15ಕ್ಕಿಂತ ಜಾಸ್ತಿ ಟಿಕ್ ಗುರುತುಗಳ ಪಟ್ಟಿ. ವಿಡಿಯೊದವರು ಹೇಳುವುದು ಮೂರನೆಯ ಆಯ್ಕೆ, ‘ಅಡ್ಜಸ್ಟ್ ಫಾರ್ ಬೆಸ್ಟ್ ಪರ್ಫಾರ್ಮೆನ್ಸ್’. ಅದನ್ನು ಒತ್ತಿದರೆ ಎಲ್ಲ ಟಿಕ್‌ಗಳೂ ಒಟ್ಟಿಗೆ ಹೋಗುತ್ತವೆ. ಒತ್ತಿ, ತೊಂದರೆ ಇಲ್ಲ. ಆದರೆ ಆಗಲೇ ಓಕೆ ಕೊಡಬೇಡಿ! ಕೆಲವು ಟಿಕ್ ವಾಪಸ್ ಹಾಕಲೇಬೇಕು.

ಎಲ್ಲಕ್ಕಿಂತ ಮುಖ್ಯ ‘ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್’. ಪರದೆ ಅಂದರೆ ಚೌಕ ಚುಕ್ಕೆಗಳ ಸಾಲು. ಈ ಟಿಕ್ ಇದ್ದರೆ ಅಕ್ಷರದ ಅಂಚಿನ ಚುಕ್ಕೆಗಳಿಗೆ ನಡುವಿನ ಬಣ್ಣ ಕೊಟ್ಟು ದುಂಡಗೆ ಕಾಣಿಸುತ್ತಾರೆ. ಇಲ್ಲದಿದ್ದರೆ ಚುಕ್ಕೆ ಒಂದೋ ಪೂರ್ತಿ ಕಪ್ಪು, ಇಲ್ಲವೋ ಪೂರ್ತಿ ಬಿಳಿ. ಇಂಗ್ಲಿಷ್ ಅಕ್ಷರಗಳಲ್ಲಿ ನೇರ ಗೆರೆ ಜಾಸ್ತಿ, ಹೇಗೋ ಓದಬಹುದು. ನಮ್ಮ ಕನ್ನಡದ್ದು ಎಲ್ಲವೂ ಗುಂಡಗೆ, ಕೆಳಗೆ ಒತ್ತು ಬೇರೆ. ಭಾವನ ಇನ್ನೊಂದು ಫೋಲ್ಡರ್ ‘ದೊಡ್ಡಪ್ಪನ ಪತ್ರ’. ಅದರಲ್ಲಿ ಡ ಒತ್ತು, ಪ ಒತ್ತು, ರ ಒತ್ತು ಮೂರೂ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಒಂದೇ ಥರ ಕಾಣುತ್ತಿದ್ದವು. ‘ಖರ್ಚು’ವಿನ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿತ್ತು. ಭಾವ ಕನ್ನಡಕ ಬದಲಾಯಿಸಬೇಕೇನೋ ಅಂದುಕೊಂಡಿದ್ದರಂತೆ. ಪಾಪ, ಕಣ್ಣಿನದೇನೂ ತಪ್ಪಿರಲಿಲ್ಲ. ಈ ಒಂದು ಟಿಕ್ ಹಾಕಿ ಅಪ್ಲೈ ಒತ್ತಿ ನೋಡಿ, ಅಕ್ಷರ ಕಣ್ಣೆದುರೇ ದುಂಡಗಾಗುತ್ತದೆ.

‘ಶೋ ಥಂಬ್‌ನೇಲ್ಸ್ ಇನ್‌ಸ್ಟೆಡ್ ಆಫ್ ಐಕಾನ್ಸ್’ ಕೂಡ ಬೇಕು. ಇಲ್ಲದಿದ್ದರೆ ಮದುವೆಯ ಮುನ್ನೂರು ಫೋಟೊಗಳೂ ಒಂದೇ ಗುರುತಾಗಿ ಕಾಣುತ್ತವೆ, ಒಂದೊಂದನ್ನೂ ತೆರೆದು ನೋಡಬೇಕು. ‘ಶೋ ಶಾಡೋಸ್ ಅಂಡರ್ ವಿಂಡೋಸ್’ ಇರಲಿ. ನೆರಳು ಸುಮ್ನೆ ಅಲಂಕಾರ ಅಂತ ಬಹಳ ಜನ ತೆಗೆಯುತ್ತಾರೆ, ನಾನು ಒಪ್ಪುವುದಿಲ್ಲ. ಎರಡು ಬಿಳಿ ಕಿಟಕಿ ಒಂದರ ಮೇಲೊಂದು ತೆರೆದಾಗ ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹೇಳುವುದೇ ಆ ನೆರಳು. ಫೋಟೊ ವಾಲ್‌ಪೇಪರ್ ಬಿಡಲು ಮನಸ್ಸಿಲ್ಲದವರು ಐಕಾನ್ ಹೆಸರಿನ ನೆರಳಿನ ಟಿಕ್ಕನ್ನೂ ಹಾಕಿ, ಅದು ಪಟ್ಟಿಯ ಕೊನೆಯಲ್ಲಿದೆ. ಆ್ಯನಿಮೇಟ್, ಫೇಡ್, ಸ್ಲೈಡ್ ಅಂತ ಶುರುವಾಗುವ ಯಾವುದೂ ಬೇಡ. ಮೆನು ತೇಲಿಕೊಂಡು ಬರುವುದನ್ನು ಕಾಯುತ್ತ ಕೂರುವ ಅಗತ್ಯ ಯಾರಿಗಿದೆ? ಈಗ ಓಕೆ ಕೊಡಿ.

ಇಷ್ಟಾದರೂ ಅಕ್ಷರ ಮಸುಕಾಗಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ ಅಂತ ಹುಡುಕಿ. ಕಣ್ಣಿನ ಡಾಕ್ಟರ್ ಕೇಳುವ ಹಾಗೆ ಇದು ಚೆನ್ನಾಗಿದೆಯೋ ಅದು ಚೆನ್ನಾಗಿದೆಯೋ ಅಂತ ಕೇಳುತ್ತ ಹೋಗುತ್ತದೆ. ಎರಡು ನಿಮಿಷದ ಕೆಲಸ.

ಇದನ್ನೆಲ್ಲ ಒಂದೇ ಕ್ಲಿಕ್‌ನಲ್ಲಿ ಮಾಡಿಕೊಡುತ್ತೇವೆ ಅನ್ನುವ ಕ್ಲೀನರ್, ಬೂಸ್ಟರ್ ಸಾಫ್ಟ್‌ವೇರ್‌ಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಅಂಥದ್ದೊಂದು ಇತ್ತು. ಪಹಣಿ ಪ್ರಿಂಟ್ ತೆಗೆಯುವಷ್ಟರಲ್ಲಿ ಅದು ಮೂರು ಸಲ ಮಿನುಗುವ ಕೆಂಪು ಪೆಟ್ಟಿಗೆ ತೋರಿಸಿ ದುಡ್ಡು ಕೇಳಿತು. ಪರದೆಯ ಮೇಲೆ ಅದಕ್ಕಿಂತ ದೊಡ್ಡ ಕಸ ಇನ್ನೊಂದಿರಲಿಲ್ಲ.

ಎಲ್ಲ ಸರಿಹೋದ ಮೇಲೆ ಅಕ್ಕನಿಗೆ ಮಾತ್ರ ಬೇಜಾರು, ಜೋಗ ಹೋಯಿತಲ್ಲ ಅಂತ. ಅದಕ್ಕೂ ಜಾಗ ಇದೆ. ಪರ್ಸನಲೈಸೇಷನ್‌ನಲ್ಲಿ ಲಾಕ್ ಸ್ಕ್ರೀನ್‌ಗೆ ಹೋಗಿ, ಪಿಕ್ಚರ್ ಆರಿಸಿ, ಅದೇ ಫೋಟೊ ಹಾಕಿ. ಕೆಳಗಿರುವ ಫನ್ ಫ್ಯಾಕ್ಟ್ಸ್, ಟಿಪ್ಸ್‌ನ ಟಿಕ್ ತೆಗೆಯಿರಿ. ಅಲ್ಲಿ ಗಂಟೆ ಮತ್ತು ತಾರೀಖು ಬಿಟ್ಟರೆ ಓದುವಂಥದ್ದು ಏನೂ ಇಲ್ಲ. ಈಗ ಭಾವ ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಮೊದಲು ಜೋಗ ಕಾಣುತ್ತದೆ, ಪಾಸ್‌ವರ್ಡ್ ಹಾಕಿದ ಮೇಲೆ ಕಡುಹಸಿರು ಪರದೆ, ಅದರ ಮೇಲೆ ಆರೇ ಆರು ಫೋಲ್ಡರ್.