ಒಲೆಯ ಮೇಲೆ ಪ್ಲಾಸ್ಟಿಕ್ ಕರಗಿ ಅಂಟಿಕೊಂಡರೆ: ಕಲಬುರಗಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ವರ್ಗಾವಣೆಯ ಮೇಲೆಯೋ, ವಿಶ್ವವಿದ್ಯಾಲಯ ಅಥವಾ ಆಸ್ಪತ್ರೆಗಳ ಕೆಲಸಕ್ಕೆಂದೋ ಕಲಬುರಗಿಗೆ ಬಂದು ಬಾಡಿಗೆ ಮನೆ ಹಿಡಿಯುವ ಕುಟುಂಬಗಳು ಜೋಳದ ರೊಟ್ಟಿ ಕಲಿಯಲು ಹೊರಟಾಗ ಒಲೆಗೆ ಪ್ಲಾಸ್ಟಿಕ್ ಅಂಟುವ ಸಂದರ್ಭ ಹೆಚ್ಚು. ಅಕ್ಕಿ ರೊಟ್ಟಿಯನ್ನೋ ಹೋಳಿಗೆಯನ್ನೋ ಎಣ್ಣೆ ಸವರಿದ ಹಾಲಿನ ಕವರಿನ ಮೇಲೆ ತಟ್ಟಿ ರೂಢಿಯಿರುವವರು ಇಲ್ಲಿಯೂ ಹಾಗೆಯೇ ತಟ್ಟಿ, ಹಾಳೆಯ ಸಮೇತ ಹಂಚಿನ ಮೇಲೆ ಕವುಚಲು ಹೋಗುತ್ತಾರೆ. ಹಾಲಿನ ಕವರಿನ ಪಾಲಿಥಿನ್ ಸುಮಾರು 105ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ರೊಟ್ಟಿ ಬೇಯುವ ಹಂಚಿನ ಕಾವು ಅದಕ್ಕಿಂತ ಬಹಳ ಮೇಲಿರುತ್ತದೆ. ಇಲ್ಲಿನ ಹೆಣ್ಣುಮಕ್ಕಳಂತೆ ಒಣ ಹಿಟ್ಟು ಉದುರಿಸಿದ ಪರಾತದಲ್ಲಿ ರೊಟ್ಟಿ ಬಡಿಯುವುದನ್ನು ಕಲಿತರೆ ಹಾಳೆಯ ಅಗತ್ಯವೇ ಬೀಳುವುದಿಲ್ಲ. ಕಲಿಯುವವರೆಗೆ ಒದ್ದೆ ಬಟ್ಟೆಯ ಮೇಲೆ ತಟ್ಟಬಹುದು. ಅಂಗಡಿಯಿಂದ ತಂದ ಖಡಕ್ ರೊಟ್ಟಿಯ ಚೀಲ, ಡಬ್ಬಿಯ ಮುಚ್ಚಳ ಮತ್ತು ಸೌಟಿನ ಹಿಡಿಕೆಗಳೂ ಒಲೆಗೆ ತಾಗಿ ಕರಗುವುದುಂಟು.

ಪ್ಲಾಸ್ಟಿಕ್ ಕರಗಿದ್ದು ಕಂಡ ಕೂಡಲೇ ಒಲೆ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಮಕ್ಕಳನ್ನೂ ವೃದ್ಧರನ್ನೂ ಅಡುಗೆಮನೆಯಿಂದ ಹೊರಗೆ ಕಳುಹಿಸಬೇಕು. ಬಿಸಿ ಇರುವಾಗಲೇ ಬಟ್ಟೆಯಿಂದ ಒರೆಸಲು ಹೋದರೆ ಅದು ದಾರದಂತೆ ಎಳೆದುಕೊಂಡು ಒಲೆಯ ತುಂಬ ಹರಡುತ್ತದೆ, ಕೈಯನ್ನೂ ಸುಡುತ್ತದೆ. ಉರಿ ಹೆಚ್ಚಿಸಿ ಸುಟ್ಟುಬಿಟ್ಟರೆ ಉದುರಿ ಹೋಗುತ್ತದೆ ಎಂಬ ಸಲಹೆ ಯಾರಿಂದಲಾದರೂ ಬಂದರೆ ದಯವಿಟ್ಟು ಕೇಳಬೇಡಿ. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಶ್ವಾಸಕ್ಕೆ ಹಾನಿಕರ, ಉಳಿಯುವ ಕಪ್ಪು ಕರಿಯು ಮೊದಲಿನ ಅಂಟಿಗಿಂತ ಮೊಂಡು.

ಒಲೆ ಪೂರ್ತಿ ತಣ್ಣಗಾದ ಮೇಲೆ ಪ್ಲಾಸ್ಟಿಕ್ ಯಾವುದರ ಮೇಲೆ ಕೂತಿದೆ ಎಂಬುದನ್ನು ನೋಡಬೇಕು, ಏಕೆಂದರೆ ಮುಂದಿನ ಕೆಲಸವೆಲ್ಲ ಅದರ ಮೇಲೆ ನಿಂತಿದೆ. ಸ್ಟೀಲ್ ಒಲೆಯಾದರೆ ಐಸ್ ತುಂಡುಗಳನ್ನು ಚೀಲದಲ್ಲಿ ಕಟ್ಟಿ ಅಂಟಿನ ಮೇಲೆ ಸ್ವಲ್ಪ ಹೊತ್ತು ಇಡಬೇಕು. ತಣ್ಣಗಾದಾಗ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಕುಗ್ಗುವುದರಿಂದ ಅದರ ಅಂಚು ತಾನಾಗಿಯೇ ಬಿಡತೊಡಗುತ್ತದೆ. ಆ ಅಂಚಿನ ಕೆಳಗೆ ಕಟ್ಟಿಗೆಯ ಚಮಚ ತೂರಿಸಿ ಮೆಲ್ಲಗೆ ಎತ್ತಿದರೆ ದಪ್ಪ ಪದರವು ಹಪ್ಪಳದಂತೆ ತುಂಡಾಗಿ ಬರುತ್ತದೆ. ಪಾತ್ರೆ ಇಡುವ ಕಬ್ಬಿಣದ ಸ್ಟ್ಯಾಂಡಿಗೆ ಅಂಟಿದ್ದರೆ ಅದನ್ನೇ ಬಿಚ್ಚಿ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡುವುದು ಇನ್ನೂ ಸುಲಭ. ಉಳಿದ ತೆಳು ಪೊರೆಯ ಮೇಲೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಸ್ಟೀಲಿನ ಗೆರೆ ಯಾವ ಕಡೆ ಹರಿದಿದೆಯೋ ಆ ಕಡೆಗೇ ಮೃದು ಸ್ಪಂಜಿನಿಂದ ಉಜ್ಜಬೇಕು. ತಂತಿಯ ಉಜ್ಜುಗ ಬೇಡ.

ಗಾಜಿನ ಮೇಲ್ಮೈಯ ಗ್ಯಾಸ್ ಒಲೆಗೆ ಐಸ್ ತಾಗಿಸುವ ಮುನ್ನ ಗಾಜು ತಣ್ಣಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು; ಕಾದ ಗಾಜಿಗೆ ಒಮ್ಮೆಲೇ ತಂಪು ತಾಗಿದರೆ ಒಡೆಯುವ ಸಂಭವವಿದೆ, ಮತ್ತು ಹದಗೊಳಿಸಿದ ಈ ಗಾಜು ಒಡೆದರೆ ಬಿರುಕು ಬಿಟ್ಟು ನಿಲ್ಲದೆ ಇಡೀ ಹಲಗೆಯೇ ಪುಡಿಪುಡಿಯಾಗುತ್ತದೆ. ಇಂಡಕ್ಷನ್ ಒಲೆಯಾದರೆ ಮೊದಲು ಪ್ಲಗ್ ತೆಗೆದಿರಬೇಕು. ಗಾಜಿನ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನಿಟ್ಟೋ, ಕೂದಲು ಒಣಗಿಸುವ ಡ್ರೈಯರಿನ ಗಾಳಿ ಹಾಯಿಸಿಯೋ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ, ಹೊಸ ಬ್ಲೇಡನ್ನು ಹೆಚ್ಚು ಕಡಿಮೆ ಮಲಗಿಸಿ ಹಿಡಿದು ಒಂದೇ ದಿಕ್ಕಿಗೆ ತಳ್ಳುತ್ತ ಹೋಗಬೇಕು. ಬ್ಲೇಡಿನ ಮೂಲೆ ಗಾಜಿಗೆ ಊರಿದರೆ ಗೀರು ಬೀಳುತ್ತದೆ.

ಉಗುರು ಬಣ್ಣ ತೆಗೆಯುವ ದ್ರವ ಹಚ್ಚಿ ನೋಡುವವರಿದ್ದಾರೆ. ಅದರಲ್ಲಿರುವ ಅಸಿಟೋನಿಗೆ ಥರ್ಮೋಕೋಲ್ ಕರಗುತ್ತದೆಯೇ ಹೊರತು ಹಾಲಿನ ಕವರಿನ ಪಾಲಿಥಿನ್ ಕರಗುವುದಿಲ್ಲ. ಬೇಗ ಬೆಂಕಿ ಹತ್ತುವ ಆ ದ್ರವವನ್ನು ಗ್ಯಾಸ್ ಒಲೆಯ ಬಳಿ ತರುವುದರಲ್ಲಿ ಅಪಾಯವಲ್ಲದೆ ಲಾಭವಿಲ್ಲ.

ಈ ಊರಿನ ಮನೆಗಳಿಗೇ ಸಂಬಂಧಿಸಿದ ಇನ್ನೊಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಒಲೆ ಇಡುವ ಕಟ್ಟೆಗೆ ಹಲವು ಹಳೆಯ ಮನೆಗಳಲ್ಲಿ ಶಹಾಬಾದ್ ಫರ್ಶಿ ಹಾಸಿರುತ್ತಾರೆ. ನಮ್ಮದೇ ಜಿಲ್ಲೆಯ ಈ ಕಲ್ಲು ಸುಣ್ಣದ ಕಲ್ಲಿನ ಜಾತಿಯದು. ಗ್ರಾನೈಟಿನಂತೆ ಹುಳಿಯನ್ನು ತಾಳಿಕೊಳ್ಳುವುದಿಲ್ಲ. ವಿನೆಗರ್ ಅಥವಾ ಲಿಂಬೆರಸ ಚೆಲ್ಲಿ ಹಾಗೆಯೇ ಬಿಟ್ಟರೆ ನುಣುಪು ಹೋಗಿ ಬಿಳಿಚಿದ ಕಲೆ ಉಳಿಯುತ್ತದೆ, ಬಚ್ಚಲು ತೊಳೆಯುವ ಆಸಿಡ್ ಬಿದ್ದರೆ ಕಲ್ಲು ನೊರೆಯೆದ್ದು ಕೊರೆದುಹೋಗುತ್ತದೆ, ಮತ್ತು ಆ ಕಲೆಯ ಲೆಕ್ಕ ಮನೆ ಬಿಡುವಾಗ ಮುಂಗಡ ಹಣದಲ್ಲಿ ಮುರಿದುಕೊಳ್ಳಲ್ಪಡುವುದೂ ಉಂಟು. ಆದ್ದರಿಂದ ಒಲೆಯನ್ನು ಕಟ್ಟೆಯಿಂದ ಇಳಿಸಿ, ಹಳೆಯ ಪತ್ರಿಕೆ ಹಾಸಿ ಅದರ ಮೇಲಿಟ್ಟು ಕೆಲಸ ಮಾಡುವುದು ಲೇಸು. ಫರ್ಶಿಯ ಮೇಲೇ ಪ್ಲಾಸ್ಟಿಕ್ ಬಿದ್ದಿದ್ದರೆ ಐಸ್ ಮತ್ತು ಕಟ್ಟಿಗೆಯ ಚಮಚ ಸಾಕು.

ಬರ್ನರಿನ ತೂತುಗಳಲ್ಲಿ ಕರಗಿದ್ದು ಇಳಿದಿದ್ದರೆ ಬರ್ನರ್ ಬಿಚ್ಚಿ, ತಣ್ಣಗೆ ಮಾಡಿ, ಸೂಜಿಯಿಂದ ಒಂದೊಂದಾಗಿ ಬಿಡಿಸಿ, ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಕೂರಿಸಬೇಕು. ಮತ್ತೆ ಹಚ್ಚಿದಾಗ ಉರಿ ನೀಲಿಯಾಗಿ ಬರದೆ ಹಳದಿಯಾಗಿ ಬಂದು ಪಾತ್ರೆಗೆ ಮಸಿ ಹಿಡಿದರೆ ಇನ್ನೂ ಕಟ್ಟಿಕೊಂಡಿದೆ ಎಂದರ್ಥ, ರಿಪೇರಿಯವರನ್ನು ಕರೆಸಬೇಕು. ಒಲೆಯ ಹಿಂದಿನ ರಬ್ಬರ್ ಪೈಪಿನ ಮೇಲೆ ಬಿಸಿ ಪ್ಲಾಸ್ಟಿಕ್ ತೊಟ್ಟಿಕ್ಕಿದ್ದರೆ ಅದನ್ನು ಕೆರೆಯದೆ ಪೈಪನ್ನೇ ಬದಲಿಸಬೇಕು. ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಎಲ್‌ಪಿಜಿ ಸೋರಿಕೆಯ ದೂರಿಗೆ ದೇಶದಾದ್ಯಂತ ಇರುವ ಸಂಖ್ಯೆ ಅದು.

ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿದರೆ ಕೀಳಬಾರದು, ಅದರೊಂದಿಗೆ ಚರ್ಮವೂ ಕಿತ್ತು ಬರುತ್ತದೆ. ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿದು, ಅಂಟಿದ್ದನ್ನು ಹಾಗೆಯೇ ಬಿಟ್ಟು, ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಬೇಕು. ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಟ್ಯಾಂಕಿನ ನೀರೇ ಬಿಸಿಯಾಗಿ ಬರುವುದರಿಂದ ಆಗ ನಲ್ಲಿಯನ್ನು ನಂಬದೆ ಕೊಡದ ನೀರನ್ನೇ ಧಾರೆಯಾಗಿ ಹೊಯ್ಯಬೇಕು. ಐಸನ್ನಾಗಲಿ, ಟೂತ್‌ಪೇಸ್ಟನ್ನಾಗಲಿ ಗಾಯಕ್ಕೆ ಹಚ್ಚಬಾರದು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.