ಬ್ಲಾಗ್‌ನಿಂದ ಹಣ ಬರುವ ಮುಂಚೆ ಮನೆಗೆ ಬರುವ ಆ ಪಿನ್ ಕಾಗದ

ಹೊಸದಾಗಿ ಬ್ಲಾಗ್ ಶುರು ಮಾಡುವವರೇ, ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಉಚಿತವಾಗಿಯೇ ಆರಂಭಿಸಿ. ಸ್ವಂತ ಡೊಮೈನ್, ಅಂದರೆ ನಿಮ್ಮದೇ ಹೆಸರಿನ ವೆಬ್ ವಿಳಾಸ, ಆಮೇಲೆ ತಗೊಂಡರಾಯ್ತು. ವಿಷಯ ಒಂದೇ ಇರಲಿ: ಖಾತಾ ವರ್ಗಾವಣೆಯೋ, ತಾರಸಿ ತೋಟವೋ, ನಿಮಗೆ ನಿಜವಾಗಿ ಗೊತ್ತಿರುವುದು. ಬೇರೆಡೆಯಿಂದ ನಕಲು ಮಾಡಿದ ಬರಹ ಇದ್ದರೆ ಆಡ್‌ಸೆನ್ಸ್ (ಬ್ಲಾಗ್‌ನಲ್ಲಿ ಜಾಹೀರಾತು ತೋರಿಸಿ ಹಣ ಕೊಡುವ ಗೂಗಲ್ ಸೇವೆ) ಅರ್ಜಿ ತಿರಸ್ಕೃತವಾಗುತ್ತದೆ. ಅರ್ಜಿ ಹಾಕಲು 18 ವರ್ಷ ತುಂಬಿರಬೇಕು.

ನಮ್ಮ ಬೆಂಗಳೂರಲ್ಲಿ ಜನ ಎಡವುವುದು ವಿಳಾಸದಲ್ಲಿ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಿಕೊಳ್ಳಲು ಗೂಗಲ್ ಅಂಚೆಯಲ್ಲಿ ಪಿನ್ ಎಂಬ ಗುಪ್ತ ಸಂಖ್ಯೆ ಕಳಿಸುತ್ತದೆ, ಬರಲು ಕೆಲವು ವಾರ ಹಿಡಿಯುತ್ತದೆ. ಪಿಜಿ ವಿಳಾಸ ದಯವಿಟ್ಟು ಕೊಡಬೇಡಿ, ಕಾಗದ ಯಾರ ಕೈಗೋ ಸಿಕ್ಕಿ ಮಾಯವಾಗುತ್ತದೆ. ಮನೆ ನಂಬರ್, ಮಹಡಿ, ಕ್ರಾಸ್, ಮೇನ್, ಬ್ಲಾಕ್ ಅಥವಾ ಸ್ಟೇಜ್, ಹತ್ತಿರದ ಗುರುತು, ಆರಂಕಿಯ ಪಿನ್‌ಕೋಡ್, ಎಲ್ಲವನ್ನೂ ಬರೆಯಿರಿ. ಒಂದೇ ಬಡಾವಣೆಯ ಬೇರೆ ಬೇರೆ ಬ್ಲಾಕ್‌ಗಳಲ್ಲಿ ಅದೇ ಕ್ರಾಸ್ ನಂಬರ್ ಮತ್ತೆ ಮತ್ತೆ ಬರುತ್ತದಲ್ಲ! ಊರಲ್ಲಿ ಅಪ್ಪ ಅಮ್ಮ ಇದ್ದರೆ ಆ ವಿಳಾಸವೇ ಭದ್ರ. ನಾಲ್ಕು ತಿಂಗಳೊಳಗೆ ಪಿನ್ ನಮೂದಿಸದಿದ್ದರೆ ಜಾಹೀರಾತು ನಿಂತುಹೋಗುತ್ತದೆ.

ಆಡ್‌ಸೆನ್ಸ್‌ನಲ್ಲಿ ಕೊಡುವ ಹೆಸರು ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇರುವಂತೆಯೇ ಇರಲಿ, ಇನಿಷಿಯಲ್ ಸಮೇತ. ವಿದೇಶದಿಂದ ಹಣ ಬರಲು ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಬೇಕು, ಎಲ್ಲ ಶಾಖೆಗೂ ಇರುವುದಿಲ್ಲ, ಬ್ಯಾಂಕಿನಲ್ಲೇ ಕೇಳಿ. ಗಳಿಕೆ 100 ಡಾಲರ್ ದಾಟಿದ ಮರು ತಿಂಗಳು, 21ರಿಂದ 26ರೊಳಗೆ ಹಣ ಹೊರಡುತ್ತದೆ. ಸ್ನೇಹಿತರಿಗೆ ಜಾಹೀರಾತು ಒತ್ತಿ ಅಂತ ಮಾತ್ರ ಹೇಳಲೇಬೇಡಿ, ಆಡ್‌ಸೆನ್ಸ್ ಖಾತೆಯೇ ಮುಚ್ಚಿಹೋಗಬಹುದು.