ಧಾರವಾಡದಲ್ಲಿ ಸೋರುವ, ಹುಬ್ಬಳ್ಳಿಯಲ್ಲಿ ಸೋರದ ಕಾರು

ನನ್ನ ಸ್ಯಾನ್ ಸ್ಟಾರ್ಮ್ ಧಾರವಾಡದ ಮನೆಯಲ್ಲಿ ಸೋರುತ್ತಿತ್ತು. ಹುಬ್ಬಳ್ಳಿಯ ಆಫೀಸಿನ ಮುಂದೆ ಸೋರುತ್ತಿರಲಿಲ್ಲ. ಧಾರವಾಡದಲ್ಲೂ ದಿನಾ ಅಲ್ಲ. ಒಂದು ವಾರ ನೆಲ ಒಣಗಿರುತ್ತಿತ್ತು, ಆಮೇಲೆ ಒಂದು ಬೆಳಿಗ್ಗೆ ರೂಪಾಯಿ ಅಗಲದ ಕಲೆ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಅದರ ಡಬ್ಬಿಯಲ್ಲಿ ಮಟ್ಟ ಮಾತ್ರ ಮೆಲ್ಲಗೆ ಇಳಿಯುತ್ತಲೇ ಇತ್ತು.

ಈ ಕಾರು ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾಗತೊಡಗಿದ ಎರಡೇ ಸೀಟಿನ ಪುಟ್ಟ ಗಾಡಿ ಇದು. ಮೈ ಫೈಬರ್‌ಗ್ಲಾಸ್. ಎಂಜಿನ್ ರೆನೋದ್ದು, 1149 ಸಿಸಿ, ಸುಮಾರು 60 ಅಶ್ವಶಕ್ತಿ. ಅಷ್ಟಕ್ಕೇ ಸ್ಪೋರ್ಟ್ಸ್ ಕಾರಾ ಎಂದು ಕೇಳುವವರಿದ್ದಾರೆ. ಅನ್ಮೋಡ್ ಘಾಟಿಯಲ್ಲಿ ಒಮ್ಮೆ ಟಾಪ್ ತೆಗೆದು ಓಡಿಸಿದವರು ಕೇಳುವುದಿಲ್ಲ. ಇದೇ ಎಂಜಿನ್ ಯುರೋಪಿನಲ್ಲಿ ಕ್ಲಿಯೋ, ಟ್ವಿಂಗೋ ಕಾರುಗಳಲ್ಲಿತ್ತು. ಹಾಗಾಗಿ ಎಂಜಿನ್ ಸಾಮಾನು ತರಿಸಿಕೊಳ್ಳಬಹುದು. ಉಳಿದದ್ದೆಲ್ಲ ಅಳತೆ ಹಿಡಿದು ಹುಡುಕಬೇಕು.

ಮೊದಲು ತಿಳಿಯಬೇಕಾದದ್ದು ಸೋರುತ್ತಿರುವುದು ಏನು ಅಂತ. ಡಬ್ಬಿಯ ಮಟ್ಟ ಇಳಿಯುತ್ತಿದೆ ಎಂದ ಮಾತ್ರಕ್ಕೆ ನೆಲದ ಮೇಲಿನ ಹನಿ ಕೂಲಂಟೇ ಆಗಬೇಕೆಂದಿಲ್ಲ. ಹಳೇ ಕಾರಲ್ಲಿ ಎರಡು ಮೂರು ಕಡೆ ಸೋರುವುದು ಮಾಮೂಲು. ದೊಡ್ಡ ಬಿಳಿ ರಟ್ಟು ತಂದು ಎಂಜಿನ್ ಕೆಳಗೆ ಹಾಸಿದೆ. ಮುಂದಿನ ಚಕ್ರಗಳು ಎಲ್ಲಿ ಬರುತ್ತವೆ ಎಂದು ರಟ್ಟಿನ ಮೇಲೆ ಗೆರೆ ಎಳೆದೆ. ಗೆರೆ ಇಲ್ಲದಿದ್ದರೆ ಕಲೆ ಕಾರಿನ ಯಾವ ಭಾಗದ ಕೆಳಗೆ ಬಿತ್ತು ಎಂದು ಆಮೇಲೆ ಹೇಳಲು ಬರುವುದಿಲ್ಲ.

ಬಿದ್ದ ಹನಿಯನ್ನು ನೀರಿನ ಬಟ್ಟಲಿಗೆ ಹಾಕಿದೆ. ಎಂಜಿನ್ ಆಯಿಲ್ ಅಥವಾ ಗೇರ್ ಆಯಿಲ್ ಆಗಿದ್ದರೆ ಮೇಲೆ ತೇಲಿ ಕಾಮನಬಿಲ್ಲಿನ ಬಣ್ಣ ಬಿಡುತ್ತದೆ. ಇದು ನೀರಲ್ಲಿ ಕರಗಿತು. ಆದರೆ ಬ್ರೇಕ್ ಆಯಿಲ್ ಕೂಡ ನೀರಲ್ಲಿ ಬೆರೆಯುತ್ತದೆ, ಅದಕ್ಕೇ ಇಷ್ಟಕ್ಕೆ ನಿಲ್ಲಿಸಬಾರದು. ಬ್ರೇಕ್ ಡಬ್ಬಿಯ ಮಟ್ಟದ ಮೇಲೆ ಟೇಪ್ ಅಂಟಿಸಿ ಕಾದೆ, ಇಳಿಯಲಿಲ್ಲ. ಇಳಿದಿದ್ದರೆ ಆ ಕಾರನ್ನು ಓಡಿಸುವ ಮಾತೇ ಇರಲಿಲ್ಲ. ಎಸಿ ನೀರಾಗಿದ್ದರೆ ವಾಸನೆ ಇರುವುದಿಲ್ಲ, ಒಣಗಿದ ಮೇಲೆ ಏನೂ ಉಳಿಯುವುದಿಲ್ಲ. ಇದು ಬೆರಳಿಗೆ ಜಾರುತ್ತಿತ್ತು, ಸಿಹಿ ವಾಸನೆ ಇತ್ತು, ಒಣಗಿದ ಜಾಗದಲ್ಲಿ ತೆಳು ಹಸಿರು ಅಂಚು. ಕೂಲಂಟೇ.

ನಾಲಿಗೆಗೆ ಹಚ್ಚಿ ನೋಡುವ ಹಳೇ ಮೆಕ್ಯಾನಿಕ್‌ಗಳಿದ್ದಾರೆ. ದಯವಿಟ್ಟು ಬೇಡ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಕಿಡ್ನಿ ಕೆಡಿಸುತ್ತದೆ. ಸಿಹಿ ಇರುವುದರಿಂದ ಬೀದಿನಾಯಿ, ಬೆಕ್ಕು ನೆಕ್ಕಲು ಬರುತ್ತವೆ, ಸ್ವಲ್ಪವೇ ಸಾಕು ಅವುಗಳ ಜೀವಕ್ಕೆ. ನಮ್ಮ ಓಣಿಯಲ್ಲಿ ನಾಯಿಗಳು ಜಾಸ್ತಿ. ಬೆಳಿಗ್ಗೆ ಎದ್ದ ತಕ್ಷಣ ರಟ್ಟು ತೆಗೆದು ನೆಲ ತೊಳೆಯುವುದು ಕಾರಿನ ಕೆಲಸಕ್ಕಿಂತ ಮುಂಚಿನ ಕೆಲಸ ಆಗಿತ್ತು.

ಇನ್ನು ಗ್ಯಾರೇಜಿನ ಕಥೆ. ಗೋಕುಲ ರೋಡಿನ ಕಡೆ ಒಂದು ಗ್ಯಾರೇಜಿಗೆ ಒಯ್ದೆ. ಪಿ.ಬಿ. ರೋಡಿನಲ್ಲಿ ಚಿಗರಿ ಬಸ್ಸಿನ ಪಕ್ಕಪಕ್ಕ ಇಪ್ಪತ್ತು ಕಿಲೋಮೀಟರ್ ಬಂದು ಕಾರು ಚೆನ್ನಾಗಿ ಬಿಸಿಯಾಗಿತ್ತು. ಅವರು ಪ್ರೆಶರ್ ಪಂಪ್ ಹಾಕಿದರು. ಇದು ಕೂಲಂಟ್ ಡಬ್ಬಿಯ ಮುಚ್ಚಳದ ಜಾಗಕ್ಕೆ ಕೂರುವ ಸಣ್ಣ ಕೈಪಂಪು, ಮೇಲೆ ಮುಳ್ಳಿನ ಮೀಟರ್. ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು ಬಿಟ್ಟರೆ ಮುಳ್ಳು ನಿಲ್ಲಬೇಕು. ನನ್ನ ಮುಚ್ಚಳದ ಮೇಲೆ 1.2 ಬಾರ್ ಇದೆ. ಮುಳ್ಳು ಅಲ್ಲಾಡದೆ ನಿಂತಿತು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, "ಎಲ್ಲಿ ಸೋರಾಕತ್ತೈತ್ರಿ, ಏನೂ ಇಲ್ಲ. ಮುಚ್ಚಳ ಬದಲ ಮಾಡ್ರಿ, ಸಾಕು" ಅಂದರು. ಮತ್ತೊಬ್ಬರು ಕೂಲಂಟ್ ಅನ್ನು ಎಂಜಿನ್ ಸುತ್ತ ಓಡಿಸುವ ವಾಟರ್ ಪಂಪ್ ಬದಲಿಸಿಬಿಡಿ ಎಂದರು. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ತಿರುಗುವುದು ಟೈಮಿಂಗ್ ಬೆಲ್ಟ್‌ನಿಂದ. ಅದನ್ನು ತೆಗೆಯುವುದೆಂದರೆ ಬೆಲ್ಟ್ ಬಿಚ್ಚುವ ದೊಡ್ಡ ಕೆಲಸ, ಅದೂ ಊಹೆಯ ಮೇಲೆ. ನಾನು ಒಪ್ಪಲಿಲ್ಲ.

ಮುಚ್ಚಳದ ವಿಷಯ ಮಾತ್ರ ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವ ನಮ್ಮೂರಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 97-98ಕ್ಕೆ. ಮುಚ್ಚಳ ಒತ್ತಡ ಹಿಡಿದಿಟ್ಟಷ್ಟೂ ಕುದಿಯುವ ಬಿಂದು ಮೇಲೆ ಹೋಗುತ್ತದೆ. ಸಡಿಲ ಮುಚ್ಚಳದಿಂದ ಕೂಲಂಟ್ ಆವಿಯಾಗಿ ಹೋಗಿ, ನೆಲದ ಮೇಲೆ ಹನಿಯೇ ಕಾಣದೆ ಮಟ್ಟ ಇಳಿಯಬಹುದು. ಪ್ರೆಶರ್ ಪಂಪಿನ ಅಡಾಪ್ಟರ್‌ಗೆ ಮುಚ್ಚಳವನ್ನೇ ಸಿಕ್ಕಿಸಿ ನೋಡಿದೆವು. ಸರಿಯಾದ ಒತ್ತಡಕ್ಕೇ ಬಿಡುತ್ತಿತ್ತು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಸೀಲ್) ಪರೀಕ್ಷೆಯನ್ನೂ ಅಲ್ಲೇ ಮುಗಿಸಿದೆ. ಡಬ್ಬಿಯ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುತ್ತಾರೆ. ಸಿಲಿಂಡರ್‌ನ ಹೊಗೆ ಕೂಲಂಟ್‌ಗೆ ಸೇರುತ್ತಿದ್ದರೆ ಅದು ಹಳದಿಯಾಗುತ್ತದೆ. ನೀಲಿಯಾಗಿಯೇ ಉಳಿಯಿತು. ಆ ರಾತ್ರಿ ಸ್ವಲ್ಪ ನಿದ್ದೆ ಬಂತು.

ಇಲ್ಲಿಂದ ಮುಂದೆ ನಾನು ಪ್ರಶ್ನೆಯನ್ನೇ ತಿರುಗಿಸಿದೆ. ಎಲ್ಲಿ ಸೋರುತ್ತದೆ ಎಂದು ಹುಡುಕುವ ಬದಲು ಯಾವಾಗ ಸೋರುವುದಿಲ್ಲ ಎಂದು ಬರೆದಿಡಲು ಶುರು ಮಾಡಿದೆ. ಕಿರಾಣಿ ಲೆಕ್ಕದ ಸಣ್ಣ ನೋಟ್‌ಬುಕ್ ಸಾಕು. ಕಾರು ಎಷ್ಟು ಹೊತ್ತಿಗೆ ನಿಲ್ಲಿಸಿದೆ, ಎಷ್ಟು ದೂರ ಓಡಿತ್ತು, ಮೂಗು ಯಾವ ಕಡೆ, ರಾತ್ರಿ ಚಳಿ ಇತ್ತಾ ಮಳೆ ಇತ್ತಾ, ಬೆಳಿಗ್ಗೆ ಕಲೆ ಇತ್ತಾ, ಇದ್ದರೆ ಗೆರೆಯಿಂದ ಎಷ್ಟು ದೂರ. ಡಬ್ಬಿಯ ಮಟ್ಟವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ನೋಡುತ್ತಿದ್ದೆ. ಬಿಸಿ ಇದ್ದಾಗ ಕೂಲಂಟ್ ಹಿಗ್ಗಿ ಮೇಲೆ ಬಂದಿರುತ್ತದೆ, ಆ ಅಳತೆ ಸುಳ್ಳು ಹೇಳುತ್ತದೆ. ಬಿಸಿ ಎಂಜಿನ್‌ನ ಮುಚ್ಚಳ ತೆರೆಯಬಾರದು ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಪುಟಗಳು ತುಂಬುತ್ತಾ ಹೋದ ಹಾಗೆ ಒಂದು ವಿಷಯ ಎದ್ದು ಕಂಡಿತು. ಊರಿಗೂ ಸೋರಿಕೆಗೂ ಸಂಬಂಧವೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಕಾರು ನಿಲ್ಲುವುದು ಹಗಲು, ಬಿಸಿಲಲ್ಲಿ. ಸಂಜೆ ಹೊರಡುವ ತನಕ ಎಂಜಿನ್ ಪೂರ್ತಿ ತಣ್ಣಗಾಗುವುದೇ ಇಲ್ಲ. ಧಾರವಾಡದಲ್ಲಿ ನಿಲ್ಲುವುದು ಇಡೀ ರಾತ್ರಿ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಬೆಳಗಿನ ಜಾವ 15 ಡಿಗ್ರಿ ಆಸುಪಾಸು. ಕಲೆ ಬಿದ್ದ ದಿನಗಳೆಲ್ಲ ಚಳಿ ಜೋರಾಗಿದ್ದ ದಿನಗಳು. ಮೋಡ ಮುಚ್ಚಿ ರಾತ್ರಿ ಬೆಚ್ಚಗಿದ್ದರೆ ರಟ್ಟು ಒಣ. ಅಂದರೆ ಇದು ಬಿಸಿಯಾದಾಗ ಮುಚ್ಚಿಕೊಂಡು ತಣ್ಣಗಾದಾಗ ಬಾಯಿ ಬಿಡುವ ಸೋರಿಕೆ. ಬಿಸಿ ಎಂಜಿನ್‌ಗೆ ಪಂಪ್ ಹಾಕಿದರೆ ಮುಳ್ಳು ಯಾಕೆ ಇಳಿಯುತ್ತದೆ ಹೇಳಿ?

ಇದರ ಹಿಂದಿನ ಲೆಕ್ಕ ಸರಳ. ಹೋಸ್ ಪೈಪ್ ಕೂರುವ ಅಲ್ಯುಮಿನಿಯಂ ಕೊಳವೆ 30 ಮಿಲಿಮೀಟರ್ ವ್ಯಾಸದ್ದು ಎಂದುಕೊಳ್ಳಿ. 85 ಡಿಗ್ರಿಯಿಂದ 15ಕ್ಕೆ ಇಳಿದಾಗ ಅದು ಸುಮಾರು 0.05 ಮಿಲಿಮೀಟರ್ ಕುಗ್ಗುತ್ತದೆ. ಹೊಸ ರಬ್ಬರ್ ಆದರೆ ಜೊತೆಗೇ ಕುಗ್ಗಿ ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ಬಿಗಿಸಿಕೊಂಡು ಕೂತ ಹಳೇ ರಬ್ಬರ್ ಗಟ್ಟಿಯಾಗಿ ಅದೇ ಆಕಾರದಲ್ಲಿ ನಿಂತುಬಿಡುತ್ತದೆ, ಹಿಂದಿರುಗುವುದಿಲ್ಲ. ಹೋಸ್ ಸುತ್ತ ಬಿಗಿಯುವ ಪಟ್ಟಿ, ಅಂದರೆ ಸ್ಕ್ರೂ ಕ್ಲಾಂಪ್, ನಾವು ತಿರುಗಿಸಿದ ಜಾಗದಲ್ಲೇ ಇರುತ್ತದೆ, ತಾನಾಗಿ ಬಿಗಿಯಾಗುವುದಿಲ್ಲ. ಆ ಕೂದಲೆಳೆ ಸಂದಿಯಲ್ಲಿ, ವ್ಯವಸ್ಥೆಯಲ್ಲಿ ಉಳಿದ ಚೂರು ಒತ್ತಡ ಮತ್ತು ಮೇಲಿರುವ ಡಬ್ಬಿಯ ಕೂಲಂಟ್‌ನ ಭಾರಕ್ಕೆ ಹನಿ ಹೊರಗೆ ಬರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ ಇನ್ನೊಂದಿಷ್ಟು. ಆಮೇಲೆ ಎಲ್ಲ ಬಿಸಿಯಾಗಿ ಹಿಗ್ಗಿ, ಏನೂ ಆಗಿಲ್ಲ ಅನ್ನೋ ಹಾಗೆ ಮುಚ್ಚಿಕೊಳ್ಳುತ್ತದೆ. ಹೊರಬಂದ ಅಷ್ಟಿಷ್ಟು ಬಿಸಿ ಲೋಹದ ಮೇಲೆ ಆವಿಯಾಗುತ್ತದೆ. ಗ್ಯಾರೇಜ್ ತಲುಪುವ ಹೊತ್ತಿಗೆ ಸಾಕ್ಷಿ ಇಲ್ಲ.

ಹಾಗಾದರೆ ಪರೀಕ್ಷೆಯನ್ನು ತಣ್ಣಗಿದ್ದಾಗಲೇ ಮಾಡಬೇಕು, ಕಾರು ನಿಂತ ಜಾಗದಲ್ಲೇ. ಪರಿಚಯದ ಅಂಗಡಿಯವರಿಂದ ಪ್ರೆಶರ್ ಪಂಪ್ ಎರವಲು ತಂದೆ. ಹಿಂದಿನ ಸಂಜೆ ಎಂಜಿನ್ ಸುತ್ತ ಒರೆಸಿ, ಅನುಮಾನ ಇದ್ದ ಜೋಡಣೆಗಳ ಮೇಲೆಲ್ಲ ಟಾಲ್ಕಂ ಪೌಡರ್ ಉದುರಿಸಿದೆ. ಮನೆಯವರು ಬಾಗಿಲಲ್ಲಿ ನಿಂತು "ಕೂಸಿಗೆ ಸ್ನಾನ ಆತೇನು" ಅಂತ ಕೇಳಿದರು. ನಗಲಿ ಬಿಡಿ. ಪೌಡರ್ ಮೇಲೆ ಒಂದೇ ಒಂದು ಹನಿ ಹರಿದರೂ ಗೆರೆ ಉಳಿಯುತ್ತದೆ. ಕೂಲಂಟ್‌ಗೆ ಹೊಳೆಯುವ ಬಣ್ಣ (ಡೈ) ಹಾಕಿ ನೇರಳೆ ಬೆಳಕಿನ ಟಾರ್ಚ್ ಹಿಡಿಯುವ ದಾರಿಯೂ ಇದೆ. ಹಳೇ ಮಾದರಿಯ ಹಸಿರು ಕೂಲಂಟ್‌ಗಳಲ್ಲಿ ಹೊಳೆಯುವ ಬಣ್ಣ ಮೊದಲೇ ಇರುತ್ತದೆ, ಹಾಗಾಗಿ ನಾನು ಬರೀ ಟಾರ್ಚ್ ತಂದೆ.

ಸೂರ್ಯ ಹುಟ್ಟುವ ಮುಂಚೆ ಕಾರು ಸ್ಟಾರ್ಟ್ ಮಾಡದೆ ಪಂಪ್ ಹಾಕಿದೆ. 1.2 ಬಾರ್ ಏರಿಸಿ ಟೀ ಕುಡಿಯಲು ಹೋದೆ. ಬಂದು ನೋಡಿದರೆ ಮುಳ್ಳು 1ಕ್ಕಿಂತ ಕೆಳಗಿತ್ತು. ಖುಷಿಯಾಯಿತು! ಸೋರುವುದನ್ನು ನೋಡಿ ಖುಷಿಪಡುವ ಮನುಷ್ಯ ನಾನೊಬ್ಬನೇ ಇರಬೇಕು.

ಹನಿ ಬೀಳುತ್ತಿದ್ದದ್ದು ಗೇರ್‌ಬಾಕ್ಸ್‌ನ ತಳದಿಂದ. ರಟ್ಟಿನ ಮೇಲಿನ ಕಲೆಯೂ ಅಲ್ಲೇ. ಇಷ್ಟು ದಿನ ಕೆಲವರು ಗೇರ್ ಆಯಿಲ್ ಸೀಲ್ ಎಂದಿದ್ದು ಇದಕ್ಕೇ. ಆದರೆ ಹನಿ ಬೀಳುವ ಜಾಗ ಹುಟ್ಟುವ ಜಾಗ ಆಗಿರಬೇಕಿಲ್ಲ, ಅಲ್ವಾ? ಟಾರ್ಚ್ ಹಿಡಿದು ಕೆಳಗಿನಿಂದ ಮೇಲಕ್ಕೆ ಹೊಳೆಯುವ ಗೆರೆ ಹಿಂಬಾಲಿಸಿದೆ. ಗೇರ್‌ಬಾಕ್ಸ್ ಬದಿ, ಅದರ ಮೇಲಿನ ಬ್ರಾಕೆಟ್, ಬ್ರಾಕೆಟ್‌ನ ಬೋಲ್ಟ್, ಅಲ್ಲಿಂದ ಮೇಲೆ ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲಂಟ್ ಬಿಡುವ ವಾಲ್ವ್) ಕೂರುವ ಹೌಸಿಂಗ್. ಅದಕ್ಕೆ ಸಿಕ್ಕಿಸಿದ ದೊಡ್ಡ ಹೋಸ್‌ನ ಕೆಳಬದಿಯಲ್ಲಿ ಪೌಡರ್ ಕೆಸರಾಗಿತ್ತು. ಮೇಲಿನಿಂದ ನೋಡಿದರೆ ಪೂರ್ತಿ ಒಣ. ಬೆರಳು ಒಳಗೆ ತೂರಿಸಿ ಸವರಿದಾಗ ಮಾತ್ರ ಒದ್ದೆ.

ಮನೆಯಂಗಳದ ಇಳಿಜಾರಿನ ಆಟವೂ ಆಗಲೇ ಅರ್ಥವಾಯಿತು. ಮೂಗು ಕೆಳಗಿರುವಂತೆ ನಿಲ್ಲಿಸಿದರೆ ಹನಿ ಬ್ರಾಕೆಟ್ ತನಕ ಬಂದು ಮುಂದಕ್ಕೆ ಹರಿದು ಒಂದು ತಟ್ಟೆಯಂಥ ಮಡಿಕೆಯಲ್ಲಿ ನಿಲ್ಲುತ್ತಿತ್ತು. ಅದು ತುಂಬಿದ ಮೇಲಷ್ಟೇ ನೆಲಕ್ಕೆ. ಮೂಗು ಮೇಲಿದ್ದರೆ ನೇರ ಗೇರ್‌ಬಾಕ್ಸ್ ಮೇಲೆ ಇಳಿದು ಅದೇ ರಾತ್ರಿ ಕಲೆ. ಚಳಿ ಇದ್ದರೂ ಕೆಲವು ದಿನ ರಟ್ಟು ಒಣಗಿರುತ್ತಿದ್ದದ್ದು ನನ್ನ ಲೆಕ್ಕವನ್ನು ಕೆಡಿಸುತ್ತಿತ್ತು. ಉತ್ತರ ಆ ಮಡಿಕೆಯಲ್ಲಿತ್ತು.

ವಾಟರ್ ಪಂಪ್‌ನ ಕೆಳಗಿನ ಸಣ್ಣ ತೂತನ್ನೂ ಕನ್ನಡಿ ಹಿಡಿದು ನೋಡಿದೆ. ಪಂಪಿನ ಸೀಲ್ ಹೋದರೆ ಮೊದಲು ಅಲ್ಲಿಂದಲೇ ಕೂಲಂಟ್ ಜಿನುಗುತ್ತದೆ. ಅಲ್ಲಿನ ಪೌಡರ್ ಹಾಗೇ ಇತ್ತು. ಬೆಲ್ಟ್ ಬಿಚ್ಚುವ ಕೆಲಸ ತಪ್ಪಿತು.

ರಿಪೇರಿ ಹುಡುಕಾಟದಷ್ಟು ದೊಡ್ಡದಲ್ಲ. ಕೂಲಂಟ್ ಬಕೆಟ್‌ಗೆ ಇಳಿಸಿ, ಮುಚ್ಚಳ ಇರುವ ಕ್ಯಾನ್‌ಗೆ ಹಾಕಿ ಎತ್ತಿಟ್ಟೆ. ಹೋಸ್ ಬಿಚ್ಚಿದಾಗ ಕೊಳವೆಯ ಕೆಳಬದಿಯಲ್ಲಿ ಬಿಳಿ ಪುಡಿ, ಅದರ ಕೆಳಗೆ ಸಣ್ಣ ಸಣ್ಣ ಗುಳಿಗಳು. ಅಲ್ಯುಮಿನಿಯಂ ತುಕ್ಕು ಹೀಗೇ ಇರುತ್ತದೆ. ಹಿಂದೆ ಯಾರೋ ಬೋರ್‌ವೆಲ್ ನೀರು ಹಾಕಿ ಓಡಿಸಿದ್ದರ ಫಲ ಎಂದು ನನ್ನ ಅನುಮಾನ. ಸಣ್ಣ ಎಮೆರಿ ಪೇಪರ್‌ನಿಂದ ಸುತ್ತಲೂ ಉಜ್ಜಿದೆ. ಉದ್ದಕ್ಕೆ ಉಜ್ಜಬೇಡಿ, ಉದ್ದ ಗೀರು ಬಿದ್ದರೆ ಕೂಲಂಟ್‌ಗೆ ಅದೇ ದಾರಿ. ಗುಳಿಗಳು ಆಳವಿರಲಿಲ್ಲ, ಬೆರಳಿಗೆ ಸಿಗದಷ್ಟು ನಯವಾದವು. ಆಳವಿದ್ದಿದ್ದರೆ ಹೌಸಿಂಗೇ ಬದಲಿಸಬೇಕಾಗುತ್ತಿತ್ತು.

ಹೊಸ ಹೋಸ್ ಹುಬ್ಬಳ್ಳಿಯಲ್ಲೇ ಸಿಕ್ಕಿತು, ಬೇರೆ ಯಾವುದೋ ಗಾಡಿಯದ್ದು. ವರ್ನಿಯರ್‌ನಲ್ಲಿ ಒಳ ಅಳತೆ ನೋಡಿ, ಬಾಗು ಹೊಂದುವ ಭಾಗ ಕತ್ತರಿಸಿಕೊಂಡೆ. ಇಪಿಡಿಎಂ (ಬಿಸಿ ಕೂಲಂಟ್ ತಡೆದುಕೊಳ್ಳುವ ಜಾತಿಯ) ರಬ್ಬರ್ ಎಂದು ಮೇಲೆ ಬರೆದಿರುವುದನ್ನು ಖಾತ್ರಿ ಮಾಡಿಕೊಳ್ಳಿ, ಪೆಟ್ರೋಲ್ ಪೈಪ್ ಕೂಲಂಟ್‌ಗೆ ಬೇಡ. ಸ್ಕ್ರೂ ಕ್ಲಾಂಪ್ ಬದಲು ಸ್ಪ್ರಿಂಗ್ ಕ್ಲಾಂಪ್ ಹಾಕಿದೆ. ನೋಡಲು ಅಗ್ಗದ ಸಾಮಾನಿನ ಹಾಗೆ ಕಾಣುತ್ತದೆ. ಎಷ್ಟೋ ಮೆಕ್ಯಾನಿಕ್‌ಗಳು ಕಂಪನಿಯಿಂದ ಬಂದ ಸ್ಪ್ರಿಂಗ್ ಕ್ಲಾಂಪ್ ಕಿತ್ತೆಸೆದು "ಗಟ್ಟಿ" ಅಂತ ಸ್ಕ್ರೂ ಕ್ಲಾಂಪ್ ಬಿಗಿಯುತ್ತಾರೆ. ನನ್ನ ಪ್ರಕಾರ ಇದು ತಿರುಗುಮುರುಗು. ರಬ್ಬರ್ ಕುಗ್ಗಿದರೆ ಸ್ಪ್ರಿಂಗ್ ಹಿಂದೆಯೇ ಹೋಗಿ ಒತ್ತುತ್ತದೆ. ಸ್ಕ್ರೂಗೆ ಆ ಬುದ್ಧಿ ಇಲ್ಲ.

ಡಿಸ್ಟಿಲ್ಡ್ ನೀರಿಗೆ ಸಮಪಾಲು ಕೂಲಂಟ್ ಬೆರೆಸಿ ತುಂಬಿ, ಗಾಳಿ ತೆಗೆದು, ಮರುದಿನ ಬೆಳಗಿನ ಚಳಿಯಲ್ಲಿ ಮತ್ತೆ ಪಂಪ್ ಹಾಕಿದೆ. ಟೀ ಮುಗಿಯಿತು, ಪೇಪರ್ ಓದಿ ಆಯಿತು, ಮುಳ್ಳು ಜಾಗ ಬಿಡಲಿಲ್ಲ. ಉಳಿದ ಹೋಸ್‌ಗಳೂ ಅದೇ ವಯಸ್ಸಿನವು, ಹಾಗಾಗಿ ಅವುಗಳನ್ನೂ ಒಂದೊಂದಾಗಿ ಬದಲಿಸುತ್ತಿದ್ದೇನೆ.

ಈಗ ಎಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ರಾಕರ್ ಕವರ್, ಅದರ ಅಂಚಿನಲ್ಲಿ ಚೂರು ಎಂಜಿನ್ ಆಯಿಲ್ ಜಿನುಗುತ್ತಿದೆ. ಅದು ಕಣ್ಣಿಗೆ ಕಾಣುತ್ತದೆ, ಹಗಲು ರಾತ್ರಿ ಒಂದೇ ಥರ ಇರುತ್ತದೆ, ಅವಸರವಿಲ್ಲ. ಗ್ಯಾಸ್ಕೆಟ್ ಹೊರಗಿನಿಂದ ಬರಬೇಕು. ಬರುವ ತನಕ ರಟ್ಟು ಅಲ್ಲೇ ಇರುತ್ತದೆ.